ಮಾದಳ, ಬೇಲ ಮತ್ತು ಸ್ಯಾದ್ವಾದ

ಒಂಬತ್ತು ಮಾದಳ ಹಣ್ಣು, ಏಳು ಬೇಲದ ಹಣ್ಣು ಸೇರಿ ಬೆಲೆ 107. ಏಳು ಮಾದಳ, ಒಂಬತ್ತು ಬೇಲವಾದರೆ 101. ಒಂದೊಂದರ ಬೆಲೆ ಎಷ್ಟು? ಸುಮಾರು ಕ್ರಿ.ಶ. 850ರಲ್ಲಿ ಮಹಾವೀರಾಚಾರ್ಯರು ‘ಗಣಿತಸಾರಸಂಗ್ರಹ’ದಲ್ಲಿ ಕೇಳಿದ ಪ್ರಶ್ನೆಯಿದು. ಬೇಲದ ಪರಿಮಳವನ್ನು ಹೇಳುವುದನ್ನೂ ಅವರು ಮರೆತಿಲ್ಲ. ಆಗ ಮಾನ್ಯಖೇಟದಲ್ಲಿ ಆಳುತ್ತಿದ್ದವನು ಅಮೋಘವರ್ಷ ನೃಪತುಂಗ. ‘ಕವಿರಾಜಮಾರ್ಗ’ ಹುಟ್ಟಿದ್ದೂ ಅವನ ಆಸ್ಥಾನದಲ್ಲೇ. ಹತ್ತನೇ ತರಗತಿಯ ಮಕ್ಕಳು ‘ಎರಡು ಚರಾಕ್ಷರಗಳುಳ್ಳ ರೇಖಾತ್ಮಕ ಸಮೀಕರಣಗಳ ಜೋಡಿ’ ಎಂಬ ಉದ್ದನೆಯ ಹೆಸರಿನಡಿ ಇಂದು ಬಿಡಿಸುವುದೂ ಇಂಥದ್ದನ್ನೇ.

ಆಚಾರ್ಯರ ದಾರಿ ಚಿಕ್ಕದು. 107ನ್ನು 9ರಿಂದ, 101ನ್ನು 7ರಿಂದ ಗುಣಿಸಿ ಕಳೆದರೆ 256. ಒಂಬತ್ತರ ವರ್ಗದಲ್ಲಿ ಏಳರ ವರ್ಗ ಕಳೆದರೆ 32. ಭಾಗಿಸಿದರೆ ಮಾದಳಕ್ಕೆ 8, ಬೇಲಕ್ಕೆ 5.

ಜಿನಸ್ತುತಿಯಿಂದ ಶುರುವಾಗುವ ಈ ಗ್ರಂಥವನ್ನು, ವಸ್ತುವಿಗೆ ಹಲವು ಮುಖಗಳಿವೆ ಎನ್ನುವ ಜೈನರ ಅನೇಕಾಂತದ ಪಕ್ಕದಲ್ಲಿಟ್ಟು ಓದಬಹುದೇ? ಈ ಜೋಡಣೆ ಗ್ರಂಥದ್ದಲ್ಲ, ಓದುಗನದು. ಆದರೂ ಮೊದಲ ಮಾತನ್ನಷ್ಟೇ ಹಿಡಿದು ನೋಡಿ. ಮಾದಳಕ್ಕೆ 8, ಬೇಲಕ್ಕೆ 5 ಎಂದರೂ 107 ಆಗುತ್ತದೆ. ಮಾದಳಕ್ಕೆ 1, ಬೇಲಕ್ಕೆ 14 ಎಂದರೂ ಆಗುತ್ತದೆ. ಭಿನ್ನರಾಶಿಗಳನ್ನು ಸೇರಿಸಿಕೊಂಡರೆ ಉತ್ತರಗಳಿಗೆ ಕೊನೆಯೇ ಇಲ್ಲ. ಮಾತು ನಿಜ, ಪೂರ್ತಿಯಲ್ಲ. ಜೈನ ತಾರ್ಕಿಕರು ‘ನಯ’ ಎನ್ನುವುದು ಇಂಥ ಒಂದು ಕಡೆಯ ನಿಜವನ್ನು.

ಅನೇಕಾಂತವೆಂದರೆ ‘ಅವರವರ ಮಟ್ಟಿಗೆ ಎಲ್ಲರೂ ಸರಿ’ ಎಂದು ಭಾಷಣಗಳಲ್ಲಿ ತೇಲಿಸಿಬಿಡುವುದುಂಟು. ಹಣ್ಣಿನ ಲೆಕ್ಕ ಅಷ್ಟು ಸಡಿಲ ಬಿಡುವುದಿಲ್ಲ. ಎರಡನೆಯವನು ಬಂದು ‘18 ಮಾದಳ, 14 ಬೇಲಕ್ಕೆ 214’ ಎಂದರೆ ಹೊಸದೇನೂ ಹೇಳಿದಂತಾಗಲಿಲ್ಲ. ಮೊದಲಿನದನ್ನೇ ಇಮ್ಮಡಿಸಿದ, ಅಷ್ಟೆ. ‘9 ಮಾದಳ, 7 ಬೇಲಕ್ಕೆ 120’ ಎಂದರೆ ಜಗಳ. ಎರಡಕ್ಕೂ ಹೊಂದುವ ಬೆಲೆ ಎಲ್ಲೂ ಸಿಗದು.

ಶಂಕರಾಚಾರ್ಯರು ಬ್ರಹ್ಮಸೂತ್ರಭಾಷ್ಯದ ಎರಡನೆಯ ಅಧ್ಯಾಯದಲ್ಲಿ ಎತ್ತುವ ಆಕ್ಷೇಪವೂ ಇದೇ ಜಾತಿಯದು: ಬಿಸಿ ಮತ್ತು ತಂಪಿನಂತೆ, ಇರುವುದೂ ಇಲ್ಲದಿರುವುದೂ ಒಂದೇ ವಸ್ತುವಿನಲ್ಲಿ ಒಟ್ಟಿಗೆ ಕೂಡಲಾರವು. ಜೈನರ ಉತ್ತರ ಸಿದ್ಧವಿದೆ. ತನ್ನ ದ್ರವ್ಯ, ಕ್ಷೇತ್ರ, ಕಾಲ, ಭಾವಗಳ ದೃಷ್ಟಿಯಿಂದ ಮಡಕೆ ಇದೆ. ಬೇರೊಂದರ ದೃಷ್ಟಿಯಿಂದ ಇಲ್ಲ. ‘ಒಂದು ದೃಷ್ಟಿಯಿಂದ’ ಎಂಬ ಷರತ್ತಿನೊಡನೆ ಹೇಳುವ ಈ ಬಗೆಯೇ ಸ್ಯಾದ್ವಾದ. ಹಾಗೆಯೇ 107 ಮಾನ್ಯಖೇಟದ ಸಂತೆಯದು, 120 ಬೇರೆ ಊರಿನದು ಎಂದರೆ ಜಗಳ ಮುಗಿಯಿತು. ಆದರೆ ಇದು ಪುಕ್ಕಟೆಯಲ್ಲ. ಎರಡು ಊರಾದ ಮೇಲೆ ತಿಳಿಯಬೇಕಾದ ಬೆಲೆಗಳೂ ನಾಲ್ಕಾದವು, ಕೈಯಲ್ಲಿರುವ ಮಾತು ಎರಡೇ! ವಿರೋಧ ಹೋಯಿತು, ಅನಿಶ್ಚಯ ಬಂತು. ವಸ್ತುವಿಗೆ ಅನಂತ ಧರ್ಮಗಳಿವೆ, ಎಲ್ಲವನ್ನೂ ಒಮ್ಮೆಗೇ ಕಾಣುವವನು ಕೇವಲಿ ಮಾತ್ರ ಎಂದು ಜೈನರೇ ಹೇಳುತ್ತಾರೆ. ಹೀಗಾದರೆ ಸಿಗುವ ಅರಿವೂ ಸಂಶಯದಂತೆ ಅನಿಶ್ಚಿತವಲ್ಲವೇ ಎಂಬುದು ಶಂಕರರ ಮುಂದಿನ ಪಟ್ಟು. ಮೊದಲಿನದಕ್ಕಿಂತ ಚುರುಕಾಗಿ ತಾಗುವುದು ಇದು.

ಅನಿಶ್ಚಿತ ಎಂದರೆ ಮನಬಂದಂತೆ ಎಂದೇ? ಇದಕ್ಕೆ ಉತ್ತರ ಹುಡುಕಲು ತರ್ಕಗ್ರಂಥಕ್ಕಿಂತ ಮಹಾವೀರಾಚಾರ್ಯರ ಇನ್ನೊಂದು ಲೆಕ್ಕವೇ ಹೆಚ್ಚು ನೆರವಾದೀತು. 5 ಪಾರಿವಾಳಕ್ಕೆ 3 ಪಣ, 7 ಸಾರಸಕ್ಕೆ 5, 9 ಹಂಸಕ್ಕೆ 7, 3 ನವಿಲಿಗೆ 9. ರಾಜಕುಮಾರನ ವಿನೋದಕ್ಕೆ ನೂರು ಪಣಕ್ಕೆ ನೂರು ಹಕ್ಕಿ ತರಬೇಕು. ಅಜ್ಞಾತಗಳು ನಾಲ್ಕು, ನಿಬಂಧನೆ ಎರಡು. 15 ಪಾರಿವಾಳ, 28 ಸಾರಸ, 45 ಹಂಸ, 12 ನವಿಲು ತಂದರೆ ಲೆಕ್ಕ ಸರಿ. 5 ಪಾರಿವಾಳ, 56 ಸಾರಸ, 27 ಹಂಸ, 12 ನವಿಲು ತಂದರೂ ಸರಿಯೇ. ಬೇರೆ ಉತ್ತರಗಳೂ ಇವೆ. ಆದರೆ 50 ಪಾರಿವಾಳ, 14 ಸಾರಸ, 27 ಹಂಸ, 9 ನವಿಲು ಹಿಡಿದು ಬಂದವನ ಲೆಕ್ಕ ತಪ್ಪು: ಹಕ್ಕಿಗಳು ನೂರಾದವು, ಪಣ 88ಕ್ಕೇ ನಿಂತಿತು.