ಯಾರ ಋಣ, ಯಾರಿಗೆ?

ಹುಟ್ಟುತ್ತಲೇ ಮೂರು ಋಣ ಹೊತ್ತು ಬರುತ್ತೇವೆ, ಪಿತೃಋಣ ತೀರುವುದು ಸಂತಾನದಿಂದ ಎನ್ನುತ್ತದೆ ತೈತ್ತಿರೀಯ ಸಂಹಿತೆ. ಹಾಗಾದರೆ ಸಾಲುಮರದ ತಿಮ್ಮಕ್ಕನ ಲೆಕ್ಕವೇನು? ಮಕ್ಕಳಿಲ್ಲದ ಆಕೆ ಗಂಡ ಚಿಕ್ಕಯ್ಯನ ಜೊತೆ ಹುಲಿಕಲ್–ಕುದೂರು ದಾರಿಯಲ್ಲಿ ಆಲದ ಸಸಿ ನೆಟ್ಟು, ಕೊಡದಲ್ಲಿ ನೀರು ಹೊತ್ತು, ದನ ಮೇಯದಂತೆ ಮುಳ್ಳು ಕಟ್ಟಿ ಬೆಳೆಸಿದರು. 2019ರಲ್ಲಿ ಪದ್ಮಶ್ರೀ ಬಂತು. ಆಕೆಯ ಪಿತೃಋಣ ತೀರಿತ್ತು ಎಂದೇ ನನ್ನ ಎಣಿಕೆ. (ನಮ್ಮ ಪುರೋಹಿತರು ಒಪ್ಪಲಾರರು, ಇರಲಿ.)

ಭಾನುವಾರ ಬೆಳಿಗ್ಗೆ ನಾವು ಕೆಲವು ನಿವೃತ್ತರು ಬಡಾವಣೆಯ ಮಕ್ಕಳಿಗೆ ಪಾತಿ ಮಾಡುವುದು ಕಲಿಸುತ್ತೇವೆ. ಹರಿವೆ ಸೊಪ್ಪೆಂದರೆ ಅವರಿಗೆ ಖುಷಿ, ತಿಂಗಳೊಳಗೆ ಕೊಯ್ಯಬಹುದು. ಹಲಸಿನ ಬೀಜ ತಂದಾಗ ಏಳನೇ ಕ್ಲಾಸಿನ ಹುಡುಗಿ ಕೇಳಿದಳು: "ತಾತ, ಇದು ಹಣ್ಣು ಬಿಡೋವಾಗ ನೀವಿರ್ತೀರಾ?"

"ನೀನಿರ್ತೀಯಲ್ಲ," ಎಂದೆ. ಅವಳು ನನ್ನ ಮೊಮ್ಮಗಳಲ್ಲ, ನಮ್ಮ ಜಾತಿಯವಳೂ ಅಲ್ಲ. ರಕ್ತದ ದಾರಿ ಬಿಟ್ಟೂ ಋಣ ಸಂದೀತು ಎಂಬ ನನ್ನ ನಂಬಿಕೆಗೆ ಅಷ್ಟು ಸಾಕು. ಅವಳಿಗೆ ಶಾಸ್ತ್ರ ಹೇಳಲಿಲ್ಲ; ಬೀಜ ಒಣಗುವ ಮುಂಚೆ ಊರಬೇಕು ಎಂದು ತೋರಿಸಿದೆ. ಅವಳಜ್ಜಿ ಬಂದು, "ಕುಂಡ ಯಾಕೆ? ನೆಲಕ್ಕೇ ಹಾಕಿ, ತಾಯಿಬೇರು ಮುರಿದ್ರೆ ಕಷ್ಟ," ಎಂದು ಗುದ್ದಲಿ ಕಿತ್ತುಕೊಂಡರು.