ಕಾಣದಿರುವುದೂ ಇಲ್ಲದಿರುವುದೂ

ಒಂದು ವಸ್ತುವು ನಮಗೆ ಕಾಣಲಿಲ್ಲವೆಂದ ಮಾತ್ರಕ್ಕೆ ಅದು ಇಲ್ಲವೆಂದು ಹೇಳಬಹುದೆ? ಭಾಟ್ಟ ಮೀಮಾಂಸಕರು ಅನುಪಲಬ್ಧಿಯನ್ನು ಪ್ರತ್ಯೇಕ ಪ್ರಮಾಣವೆಂದೇ ಒಪ್ಪಿದವರು. ಆದರೆ ಅದಕ್ಕೊಂದು ಕಟ್ಟು ಹಾಕಿದರು. ಇದ್ದಿದ್ದರೆ ಕಾಣಲೇಬೇಕಾಗಿದ್ದುದು ಕಾಣದೆ ಹೋದರೆ ಮಾತ್ರ ಅದರ ಅಭಾವವು ಸಿದ್ಧ. ಬೆಳಕಿರುವ ಕೋಣೆಯಲ್ಲಿ ಕೊಡ ಕಾಣದಿದ್ದರೆ ಕೊಡವಿಲ್ಲ. ಕತ್ತಲ ಕೋಣೆಯಲ್ಲಿ ಕಾಣದಿದ್ದರೆ ಏನೂ ಸಿದ್ಧವಾಗದು. ಭೌತಶಾಸ್ತ್ರಜ್ಞರ ಇತ್ತೀಚಿನ ವಿವಾದವೊಂದನ್ನು ಓದುವಾಗ ಈ ಹಳೆಯ ವಿವೇಕವು ನೆನಪಿಗೆ ಬರುತ್ತದೆ.

ಅತಿಶೈತ್ಯದಲ್ಲಿ ಕೆಲವು ಪದಾರ್ಥಗಳು ವಿದ್ಯುತ್ತಿಗೆ ಒಡ್ಡುವ ತಡೆಯನ್ನು ಪೂರ್ಣವಾಗಿ ಬಿಟ್ಟುಕೊಡುತ್ತವೆ. ಇದೇ ಅತಿವಾಹಕತೆ, 1911ರಲ್ಲಿ ಲೈಡನ್ ನಗರದಲ್ಲಿ ಪಾದರಸದಲ್ಲಿ ಮೊದಲು ಕಂಡಿತು. ತಡೆಯು ಇಳಿದುದೊಂದೇ ಇದಕ್ಕೆ ಸಾಕ್ಷಿಯಾಗದು. ಪದಾರ್ಥವು ಅಯಸ್ಕಾಂತ ಬಲವನ್ನು ತನ್ನೊಳಗಿನಿಂದ ಹೊರದೂಡಲೂ ಬೇಕು. 2023ರಲ್ಲಿ ಕೊರಿಯಾದ ಕೆಲವರು ಸೀಸದ ಸಂಯುಕ್ತವೊಂದರಲ್ಲಿ ತಡೆಯು ಥಟ್ಟನೆ ಇಳಿದುದನ್ನು ಕಂಡು ಅತಿವಾಹಕತೆಯೆಂದು ಸಾರಿದರು. ಅದರಲ್ಲಿ ಬೆರೆತಿದ್ದ ತಾಮ್ರದ ಸಲ್ಫೈಡು ಕಾದಾಗ ರಚನೆ ಬದಲಿಸುವುದೇ ಆ ಇಳಿತಕ್ಕೆ ಕಾರಣವೆಂದು ಬಳಿಕ ತಿಳಿಯಿತು. ನೈಯಾಯಿಕರಾದರೆ, ಮಂಜನ್ನು ಹೊಗೆಯೆಂದು ಬಗೆದು ಬೆಂಕಿಯನ್ನು ಊಹಿಸಿದರೆನ್ನುತ್ತಿದ್ದರು. 1986ರಲ್ಲಿ ತಾಮ್ರದ ಪದರ ಪದರವಾದ ಆಕ್ಸೈಡಿನಲ್ಲಿ ಇದನ್ನು ಕಂಡ ಬೆಡ್ನೋರ್ಜ್ ಮತ್ತು ಮುಲ್ಲರ್ ಎಂಬವರು ತಮ್ಮ ಲೇಖನದ ಶಿರೋನಾಮೆಯಲ್ಲಿಯೇ ‘ಸಂಭಾವ್ಯ’ ಎಂಬ ವಿಶೇಷಣವನ್ನಿಟ್ಟಿದ್ದರು. ಮರುವರ್ಷ ಬಂದ ನೊಬೆಲ್ ಬಹುಮಾನಕ್ಕಿಂತ ಆ ಒಂದು ಪದವೇ ನನಗೆ ಹಿರಿದಾಗಿ ತೋರುತ್ತದೆ.

ಇದು ಸಾಧಿಸುವವನ ಧರ್ಮವಾಯಿತು, ಸಂದೇಹಿಸುವವನ ಧರ್ಮವೇನು? 2019ರಲ್ಲಿ ಸ್ಟ್ಯಾನ್‌ಫರ್ಡಿನ ಹ್ಯಾರೊಲ್ಡ್ ಹ್ವಾಂಗರ ಸಂಗಡಿಗರು ನಿಕ್ಕಲಿನ ಪದರ ಆಕ್ಸೈಡಿನ ಅತಿ ತೆಳುವಾದ ಪೊರೆಯಲ್ಲಿ, ನಿರಪೇಕ್ಷ ಶೂನ್ಯದ ಮೇಲೆ 9ರಿಂದ 15 ಅಂಶಗಳಲ್ಲಿ, ಅತಿವಾಹಕತೆಯನ್ನು ಕಂಡರು. ನಾನ್‌ಜಿಂಗಿನವರು ಅದನ್ನೇ ಗಟ್ಟಿಯಾಗಿ ತಯಾರಿಸಿದಾಗ ಅದರ ಸುಳಿವೇ ಇರಲಿಲ್ಲ. ಅವರು 2020ರಲ್ಲಿ ಪ್ರಕಟಿಸಿದುದು ‘ಗಟ್ಟಿ ಮಾದರಿಯಲ್ಲಿ ಇಲ್ಲ’ ಎಂಬಷ್ಟನ್ನೇ. ಅದೇ ವರ್ಷ ಸಿಂಗಪುರದಲ್ಲಿ ಪೊರೆಯು ಮತ್ತೊಮ್ಮೆ ಸಿದ್ಧವಾಗಿ ಸ್ಟ್ಯಾನ್‌ಫರ್ಡಿನವರ ಮಾತು ನಿಂತಿತು, ನಾನ್‌ಜಿಂಗಿನವರದೂ ಬೀಳಲಿಲ್ಲ. ‘ನನ್ನ ಕೈಯಲ್ಲಿ ಬರಲಿಲ್ಲ’ ಎಂಬುದು ಸಾಕ್ಷ್ಯ. ‘ಆದ್ದರಿಂದ ಅವನು ಸುಳ್ಳ’ ಎಂಬುದು ಪರರ ಮಾನಕ್ಕೆ ಕೈಹಾಕುವ ತೀರ್ಪು. ಹಾಗೆನ್ನುವ ಮುನ್ನ ತನ್ನ ಕೋಣೆಯಲ್ಲಿ ಎಷ್ಟು ಬೆಳಕಿತ್ತೆಂಬುದನ್ನು ಅವನೂ ತೋರಿಸಬೇಕಷ್ಟೆ.

2023ರಲ್ಲಿ ಚೀನಾದವರು ಇನ್ನೊಂದು ನಿಕ್ಕಲ್ ಆಕ್ಸೈಡನ್ನು ವಜ್ರಗಳ ನಡುವೆ ವಾಯುಭಾರದ ಲಕ್ಷಕ್ಕೂ ಮಿಗಿಲಾದ ಒತ್ತಡದಲ್ಲಿರಿಸಿ, 80 ಅಂಶಗಳ ಸಮೀಪದಲ್ಲಿ ಅತಿವಾಹಕತೆಯನ್ನು ಸಾರಿದರು. ಅದು ಮಾದರಿಯೊಳಗಿನ ಯಾವುದೋ ಎಳೆಗಳಲ್ಲಿ ಮಾತ್ರ ಇರಬಹುದೆಂದು ಹಲವರು ಶಂಕಿಸಿದರು. 2024ರಲ್ಲಿ ಪ್ರೇಸಿಯೋಡಿಮಿಯಂ ಬೆರೆಸಿ ಮಾಡಿದ ಮಾದರಿಯ ಬಹುಭಾಗವು ಅಯಸ್ಕಾಂತ ಬಲವನ್ನು ಹೊರದೂಡಿತು.