ಎಡಗಡೆಯ ಹೂವು

ಮರ ಕಡಿಯುವ ಮುಂಚೆ ಅಪ್ಪಣೆ ಕೇಳಬೇಕು ಎಂದು ವರಾಹಮಿಹಿರ ಬೃಹತ್ಸಂಹಿತೆಯಲ್ಲಿ ವಿಧಿಸಿದ್ದಾನೆ. ವಿಗ್ರಹಕ್ಕೆ ಬೇಕಾದ ಮರ ಹುಡುಕಿಕೊಂಡು ಹೋದವರು ಮೊದಲು ರಾತ್ರಿ ಆ ಮರಕ್ಕೆ ಪೂಜೆ ಮಾಡಿ, ಬಲಿ ಇಟ್ಟು, ಅದರಲ್ಲಿ ನೆಲೆಸಿದ ಭೂತಗಳೆಲ್ಲ ಬೇರೆ ಕಡೆ ಜಾಗ ನೋಡಿಕೊಳ್ಳಲಿ, ತಮ್ಮನ್ನು ಮನ್ನಿಸಲಿ ಎಂದು ಬೇಡಿಕೊಳ್ಳಬೇಕು. ಬೆಳಗಾದ ಮೇಲೆ ಕೊಡಲಿ. ರಾತ್ರಿ ಕೇಳಿ ಬೆಳಿಗ್ಗೆ ಕಡಿದೇ ಕಡಿಯುವುದಾದರೆ, ಅದನ್ನು ಕೇಳುವುದು ಎನ್ನಬಹುದೆ?

ಭೂಮಾಪಕನಾಗಿ ದುಡಿದು ನಿವೃತ್ತನಾದವನು ನಾನು. ಬೆಂಗಳೂರಿನ ಹೆಬ್ಬಾಳದ ಮೇಲ್ಸೇತುವೆ ಇಳಿದು ಒಳಕ್ಕೆ ಬರುವ ನಮ್ಮ ರಸ್ತೆಯನ್ನು ಅಗಲ ಮಾಡಲು ಈಗ ಗುರುತು ಹಾಕಿದ್ದಾರೆ. ಕೆಂಪು ಗೆರೆ ಅಶ್ವತ್ಥಕಟ್ಟೆಯ ನಡು ಹಾದು ಅಮ್ಮನ ಗುಡಿಯ ಗೋಡೆ ಮುಟ್ಟಿದೆ. ಅರಳಿಗೂ ಬೇವಿಗೂ ಮದುವೆ ಮಾಡಿಸಿದ ಕಟ್ಟೆ ಅದು, ಬುಡದಲ್ಲಿ ನಾಗರಕಲ್ಲುಗಳಿವೆ. 33 ಅಡಿಯ ಸರಪಳಿ ಎಳೆದು ಬದುಕಿದವನಿಗೆ ಜಾಗದ ಲೆಕ್ಕ ಕಣ್ಣಳತೆಗೇ ಸಿಗುತ್ತದೆ. ಸರಪಳಿ ಉದ್ದ, ಸರಪಳಿ ಅಗಲ ಸೇರಿದರೆ ಒಂದು ಗುಂಟೆ, ಅಂದರೆ 1,089 ಚದರಡಿ. ನಮ್ಮ ಕಟ್ಟೆ ಗುಂಟೆಯ ಕಾಲು ಭಾಗವೂ ಇಲ್ಲ.

ಗುಡಿ ಎತ್ತುವುದೇ ಅಪಚಾರ ಎಂದು ನಮ್ಮ ಗುಡಿಯ ಸಮಿತಿಯಲ್ಲಿ ಕೆಲವರು ಹೇಳುತ್ತಾರೆ. ಆ ಮಾತನ್ನು ನಾನು ಒಪ್ಪುವುದಿಲ್ಲ, ಆಗಮವೂ ಒಪ್ಪುವುದಿಲ್ಲ. ಜೀರ್ಣೋದ್ಧಾರಕ್ಕೆ ವಿಧಿಯಿದೆ. ಕಲಾಕರ್ಷಣೆ ಮಾಡಿ ದೇವರ ಸಾನ್ನಿಧ್ಯವನ್ನು ಕಲಶದ ನೀರಿಗೆ ತಂದುಕೊಂಡು, ಬಾಲಾಲಯವೆಂಬ ತಾತ್ಕಾಲಿಕ ಗುಡಿಯಲ್ಲಿ ಇರಿಸಿ ನಿತ್ಯ ಪೂಜೆ ನಡೆಸಿ, ಹೊಸ ಗರ್ಭಗುಡಿ ಸಿದ್ಧವಾದ ಮೇಲೆ ಮತ್ತೆ ಪ್ರತಿಷ್ಠೆ ಮಾಡುತ್ತಾರೆ. ಕಲ್ಲು ಅಲುಗಿದರೆ ದೇವರು ಕೆಡುವಂತಿದ್ದರೆ ಇಷ್ಟೆಲ್ಲ ವಿಧಿಯನ್ನು ಯಾರೂ ಬರೆದಿಡುತ್ತಿರಲಿಲ್ಲ. ಸಾರ್ವಜನಿಕ ಬೀದಿಯಲ್ಲಿ ಹೊಸದಾಗಿ ಅನಧಿಕೃತ ಗುಡಿ, ಮಸೀದಿ, ಚರ್ಚು ಏಳಬಾರದೆಂದು 2009ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದೂ ನನಗೆ ಸರಿಯೆಂದೇ ಕಾಣುತ್ತದೆ. ಅಮ್ಮ ಹತ್ತು ಮಾರು ಸರಿದು ಕೂರಬಲ್ಲಳು. ಆದರೆ ಕೇಳಬೇಕಲ್ಲವೆ?

ನಮ್ಮಲ್ಲಿ ಕೇಳುವ ಕ್ರಮವೊಂದಿದೆ, ಹೂ ಕೇಳುವುದು. ಅಮ್ಮನ ಎರಡೂ ಭುಜದ ಮೇಲೆ ಹೂವಿಟ್ಟು, ಮನಸ್ಸಿನಲ್ಲಿರುವುದನ್ನು ಹೇಳಿ ಕಾಯುತ್ತಾರೆ. ಬಲಗಡೆಯ ಹೂ ಬಿದ್ದರೆ ಒಪ್ಪಿಗೆ, ಎಡಗಡೆಯದು ಬಿದ್ದರೆ ಬೇಡ. ಎಡಗಡೆಯದು ಬಿತ್ತೆಂದು ಗೊತ್ತುಮಾಡಿದ್ದ ಸಂಬಂಧ ಬಿಟ್ಟವರನ್ನು ನಾನು ಬಲ್ಲೆ, ಮುಂಗಡ ಕೊಟ್ಟಿದ್ದ ಸೈಟು ಕೈಬಿಟ್ಟವರನ್ನೂ ಬಲ್ಲೆ. ನೀರಿನ ಪಸೆ ಆರಿದರೆ ಯಾವುದೋ ಒಂದು ಹೂ ಜಾರುತ್ತದೆ, ಅದರಲ್ಲೇನಿದೆ ಎಂದು ಮಗ ಕೇಳುತ್ತಾನೆ. ಹೂ ಯಾಕೆ ಜಾರಿತೆಂಬುದು ನನಗೆ ದೊಡ್ಡದಲ್ಲ. ಕೇಳಲು ಬಂದವರು ಬೇಡ ಎನ್ನಿಸಿಕೊಳ್ಳಲೂ ತಯಾರಾಗಿ ಬಂದಿರುತ್ತಾರೆ, ಎನ್ನಿಸಿಕೊಂಡರೆ ವಾಪಸು ಹೋಗುತ್ತಾರೆ. ಭಕ್ತಿಯ ಸತ್ವವನ್ನು ನಾನು ಕಂಡಿರುವುದು ಅಲ್ಲಿ.

ವರಾಹಮಿಹಿರನಿಗೂ ಇದು ತಿಳಿದಿತ್ತು. ಅದೇ ಪ್ರಕರಣದಲ್ಲಿ, ಪೂಜೆಯ ಮಾತಿಗಿಂತ ಮುಂಚೆ, ಮುಟ್ಟಲೇಬಾರದ ಮರಗಳನ್ನು ಹೇಳುತ್ತಾನೆ. ಸ್ಮಶಾನದ ಮರ, ದಾರಿಯ ಮರ, ದೇವಾಲಯದ ಮರ, ಹುತ್ತವಿರುವ ಕಡೆಯ ಮರ, ಕೊಡದಲ್ಲಿ ನೀರೆರೆದು ಬೆಳೆಸಿದ ಮರ. ಹಾಗಾದರೆ ರಾತ್ರಿಯ ಆ ಬೇಡಿಕೆ ಬರೀ ಶಾಸ್ತ್ರವಲ್ಲ. ‘ಇದು ಕೂಡದು’ ಎಂಬ ಉತ್ತರವನ್ನು ದಾಟಿ ಬಂದ ಮರದ ಮುಂದೆ ಮಾತ್ರ ಆ ಪೂಜೆ. ನಮ್ಮ ಅರಳಿ ದಾರಿಯದ್ದು, ಗುಡಿಯದ್ದು, ಹೆಂಗಸರು ದಿನವೂ ತಂಬಿಗೆಯಲ್ಲಿ ನೀರೆರೆದದ್ದು.

ಕೊಡದ ನೀರು ಎಂದಾಗ ಸಾಲುಮರದ ತಿಮ್ಮಕ್ಕ ನೆನಪಾಗದಿರಲು ಹೇಗೆ ಸಾಧ್ಯ? ಹುಲಿಕಲ್ಲು–ಕುದೂರು ರಸ್ತೆಯ ಉದ್ದಕ್ಕೂ ಗಂಡನ ಜೊತೆ ನೀರು ಹೊತ್ತು ಆ ತಾಯಿ ಆಲದ ಮರಗಳನ್ನು ಸಾಕಿದರು. 2019ರಲ್ಲಿ ಬಾಗೇಪಲ್ಲಿ–ಹಲಗೂರು ರಸ್ತೆ ಅಗಲೀಕರಣ ಆ ಮರಗಳ ತನಕ ಬಂದಾಗ ಸರ್ಕಾರದ ಮುಂದೆ ನಿಂತು ಬೇಡ ಎಂದರು. ಬೇರೆ ದಾರಿ ನೋಡಿ ಎಂದು ಸರ್ಕಾರವೂ ಅಧಿಕಾರಿಗಳಿಗೆ ಹೇಳಿತು. ಗೆರೆ ಬಾಗಬಲ್ಲದು ಎಂದಾಯಿತು. ತಿಮ್ಮಕ್ಕನ ಹೆಸರು ನಾಡಿಗೇ ಗೊತ್ತಿತ್ತು. ನಮ್ಮ ಅರಳಿಗೆ ನೀರೆರೆದ ಹೆಂಗಸರ ಹೆಸರು ನಮ್ಮ ಬೀದಿಗಷ್ಟೇ ಗೊತ್ತು.

ನಮ್ಮ ಮೇಲ್ಸೇತುವೆ ಇರುವ ಬಳ್ಳಾರಿ ರಸ್ತೆಯಲ್ಲೇ ಇನ್ನೊಂದು ಉದಾಹರಣೆ ಸಿಗುತ್ತದೆ. ಬಳ್ಳಾರಿ ರಸ್ತೆ ಮತ್ತು ಜಯಮಹಲ್ ರಸ್ತೆಯ ಅಗಲೀಕರಣಕ್ಕೆ ಬೇಕಾದ ಅರಮನೆ ಮೈದಾನದ 15 ಎಕರೆ 17.5 ಗುಂಟೆ ಜಮೀನಿಗೆ ಪರಿಹಾರವಾಗಿ ಟಿಡಿಆರ್ (ವರ್ಗಾಯಿಸಬಹುದಾದ ಅಭಿವೃದ್ಧಿ ಹಕ್ಕು) ಕೊಡಿ ಎಂದು 2024ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟ್ ಆದೇಶಿಸಿತು. ಅದರ ಬೆಲೆ 3,000 ಕೋಟಿ ರೂಪಾಯಿ ದಾಟುತ್ತದೆ ಎಂದು ಸರ್ಕಾರ ಲೆಕ್ಕ ಹಾಕಿತು. ಮರುತಿಂಗಳೇ ಸುಗ್ರೀವಾಜ್ಞೆ ತಂದು, ಆ ಜಮೀನು ಬಳಸುವ ಅಥವಾ ಯೋಜನೆಯನ್ನೇ ಕೈಬಿಡುವ ಅಧಿಕಾರ ಇಟ್ಟುಕೊಂಡಿತು. ಯಾರ ಪರ ನ್ಯಾಯವಿದೆ ಎಂಬ ಚರ್ಚೆ ನನ್ನದಲ್ಲ. ಬೆಲೆ ಕಣ್ಣಿಗೆ ಹೊಡೆದಾಗ ‘ಈ ಅಗಲ ಬೇಕೇ ಬೇಕೆ?’ ಎಂದು ಸರ್ಕಾರಕ್ಕೂ ಕೇಳಿಕೊಳ್ಳಲು ಬರುತ್ತದೆ ಎಂಬುದನ್ನು ಗಮನಿಸಿದೆ, ಅಷ್ಟೆ. ಮರದ ವಿಷಯದಲ್ಲೂ ಲೆಕ್ಕ ದೊಡ್ಡದಾದರೆ ಕೇಳುತ್ತಾರೆ: ಕರ್ನಾಟಕದ 1976ರ ಮರ ಸಂರಕ್ಷಣಾ ಕಾಯ್ದೆಯ ಪ್ರಕಾರ 50ಕ್ಕಿಂತ ಹೆಚ್ಚು ಮರ ಹೋಗುವುದಾದರೆ ಸಾರ್ವಜನಿಕರಿಂದ ಆಕ್ಷೇಪಣೆ ಕರೆಯಬೇಕು. ನಮ್ಮಲ್ಲಿರುವುದು ಒಂದು ಅರಳಿ, ಒಂದು ಬೇವು.

ರಸ್ತೆ ಅಗಲವಾಗಲೇಬೇಕು ಎನ್ನುವವರೂ ಇದ್ದಾರೆ, ಅವರನ್ನು ತಳ್ಳಿಹಾಕಲು ನನಗೆ ಮನಸ್ಸಿಲ್ಲ. ಪಕ್ಕದ ವಠಾರದ ಹೆಣ್ಣುಮಗಳು ವಿಮಾನ ನಿಲ್ದಾಣದಲ್ಲಿ ಕಸ ಗುಡಿಸುವ ಕೆಲಸಕ್ಕೆ ಹೋಗುತ್ತಾಳೆ. ಬೆಳಗಿನ ಜಾವ ಬಸ್ಸು ಹತ್ತುವ ಮುಂಚೆ ಇದೇ ಕಟ್ಟೆಗೆ ಕೈ ಮುಗಿಯುತ್ತಾಳೆ. “ಅಯ್ಯ, ಸಂಜೆ ಆ ಬ್ರಿಜ್ಜಿನ ಕೆಳಗೆ ನಿಂತು ನಿಂತು ಸಾಕಾಗ್ತದೆ. ಮಗು ಮಲಗಿಬಿಟ್ಟಿರ್ತದೆ” ಎಂದಳು. ದಿನದಿನವೂ ಅವಳಿಂದ ಕಿತ್ತುಕೊಂಡ ಆ ಹೊತ್ತು ಅರಳಿಯ ಜೀವಕ್ಕಿಂತ ಕಡಿಮೆಯದೆಂದು ಹೇಳುವ ಧೈರ್ಯ ನನಗಿಲ್ಲ. ಆಂಬುಲೆನ್ಸ್ ಸಿಕ್ಕಿಕೊಂಡು ಕೂಗುವುದನ್ನು ಕೇಳಿದವರು ಯಾರೂ ಹಾಗೆ ಹೇಳಲಾರರು.

ಆದರೆ ಅಗಲ ಮಾಡಿದರೆ ಆ ಹೊತ್ತು ಅವಳಿಗೆ ಸಿಗುತ್ತದೆಯೆ? ಹೆಬ್ಬಾಳದ ಮೇಲ್ಸೇತುವೆ 2003ರಲ್ಲಿ ಆಯಿತು. 2008ರಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣ ಬಂತು, ಸೇತುವೆ ತುಂಬಿ ತುಳುಕಿತು. 2025ರ ಆಗಸ್ಟಿನಲ್ಲಿ ಮತ್ತೊಂದು ಲೂಪು ಸೇರಿಸಿದರು, ಇನ್ನು ಸುರಂಗದ ಮಾತು ನಡೆದಿದೆ. ದಟ್ಟಣೆಯ ಹೊತ್ತಿನಲ್ಲಿ ದೊಡ್ಡ ರಸ್ತೆಗಳು ಎಷ್ಟು ಅಗಲವಾದರೂ ಅಷ್ಟೂ ವಾಹನ ಬಂದು ತುಂಬಿಕೊಳ್ಳುತ್ತವೆ ಎಂದು ಆಂಥನಿ ಡೌನ್ಸ್ ಎಂಬ ಅಮೆರಿಕದ ಅರ್ಥಶಾಸ್ತ್ರಜ್ಞ 1962ರಲ್ಲೇ ವಾದಿಸಿದ್ದ.

ಎಷ್ಟು ಕೊಟ್ಟರೂ ಸಾಲದು ಎಂಬುದನ್ನು ಮಹಾಭಾರತದ ಯಯಾತಿ ಅನುಭವಿಸಿ ತಿಳಿದವನು. ಮಗನ ಯೌವನ ಪಡೆದು ಸಾವಿರ ವರ್ಷ ಉಂಡರೂ ಆಸೆ ತೀರದೆ, ಕೊನೆಗೆ ಯೌವನವನ್ನು ಹಿಂದಿರುಗಿಸಿದ. ಈ ಕಥೆಯನ್ನು ಎಲ್ಲರೂ ಆಸೆಯ ಪಾಠವಾಗಿ ಹೇಳುತ್ತಾರೆ. ನನ್ನನ್ನು ಕಾಡುವುದು ಅವನು ಕೇಳಿದ ರೀತಿ. ಯದು, ತುರ್ವಸು, ದ್ರುಹ್ಯು, ಅನು ಒಬ್ಬೊಬ್ಬರನ್ನೂ ಕರೆದು ನಿನ್ನ ಯೌವನ ಕೊಡು ಎಂದ. ಒಲ್ಲೆ ಎಂದವರಿಗೆಲ್ಲ ಶಾಪ ಕೊಟ್ಟ. ಪೂರು ಕೊಟ್ಟ, ರಾಜ್ಯ ಪಡೆದ. ಒಲ್ಲೆ ಎಂದರೆ ಶಾಪ ಎನ್ನುವವನು ಕೇಳುತ್ತಿಲ್ಲ, ಕಸಿಯುತ್ತಿದ್ದಾನೆ. ಪೂರುವಿನ ಒಪ್ಪಿಗೆಯ ತೂಕವೂ ಆ ನಾಲ್ಕು ಶಾಪಗಳಿಂದ ಕಡಿಮೆಯಾಯಿತೆಂದೇ ನನ್ನ ಎಣಿಕೆ. ಅಭಿವೃದ್ಧಿಗೆ ಅಡ್ಡ ಬರುವವರು ಎಂಬ ಮಾತು ನಮ್ಮ ಸಮಿತಿಯ ಮೇಲೆ ಈಗಾಗಲೇ ಬಿದ್ದಿದೆ. ಶಾಪವೆಂದರೆ ಇನ್ನೇನು?

ಆಕ್ಷೇಪಣಾ ಅರ್ಜಿಯನ್ನು ನಾನೇ ಬರೆದೆ. ನಕ್ಷೆಯಲ್ಲಿ ಒಂದೇ ಗೆರೆಯಿದೆ, ಎರಡನೆಯದನ್ನೂ ತೋರಿಸಿ ಎಂದು ಕೇಳಿದ್ದೇನೆ. ಎದುರು ಬದಿಯಲ್ಲಿ ಸಾಲಾಗಿ ನಿಲ್ಲುವ ಕಾರುಗಳನ್ನು ತೆರವು ಮಾಡಿ ಬಸ್ಸಿಗೊಂದು ಪಟ್ಟೆ ಬಿಟ್ಟರೆ ಎಷ್ಟು ಜನ ಸಾಗುತ್ತಾರೆ ಎಂಬ ಲೆಕ್ಕವನ್ನೂ ಕೊಡಿ ಎಂದಿದ್ದೇನೆ. ವಿಚಾರಣೆಯನ್ನು ಕಚೇರಿಯ ಹೊತ್ತಿನಲ್ಲಿ ಇಡದೆ ಭಾನುವಾರ ಕಟ್ಟೆಯ ಬಳಿಯೇ ಇಡಬೇಕು, ಬೆಳಗಿನ ಜಾವದ ಬಸ್ಸಿಗೆ ಹೋಗುವವರೂ ಬಂದು ಹೇಳುವಂತಾಗಬೇಕು. ಕಾರಣ ಕೊಡದೆ ಯಾವ ಆಕ್ಷೇಪಣೆಯನ್ನೂ ತಳ್ಳಬಾರದು.

ಸಮಿತಿ ಒಪ್ಪಿ ಸಹಿ ಹಾಕಿದೆ. ಅರ್ಚಕರು ಒಂದು ಷರತ್ತು ಹಾಕಿದರು: “ಹೂ ಕೇಳೋಣ, ಆದರೆ ಏನು ಬಿದ್ದರೂ ಮುಚ್ಚಿಡಬಾರದು.” ಬಲಗಡೆಯದು ಬಿದ್ದರೆ ಗುಡಿಯ ಮಟ್ಟಿಗೆ ಆಕ್ಷೇಪಣೆ ಹಿಂತೆಗೆದುಕೊಂಡು ಬಾಲಾಲಯಕ್ಕೆ ಜಾಗ ಕೇಳುತ್ತೇವೆ, ಮರದ ಪ್ರಶ್ನೆ ಹಾಗೇ ಉಳಿಯುತ್ತದೆ. ಎಡಗಡೆಯದು ಬಿದ್ದರೆ ಅದನ್ನೂ ಅರ್ಜಿಗೆ ಸೇರಿಸಿ ಕೊಡುತ್ತೇವೆ, ಮಹಜರಿನಲ್ಲಿ ಬರೆದುಕೊಳ್ಳಿ ಎಂದು.